ಆಡುತ್ತಾ ಬರೆದ ನಿಯಮಗಳು: ರೋಲ್‌ಪ್ಲೇಯಿಂಗ್ ಆಟಗಳು ರೂಪುಗೊಂಡ ಬಗೆ

ಮೇಜಿನ ಸುತ್ತ ಕುಳಿತ ನಾಲ್ಕೈದು ಮಂದಿ ತಲಾ ಒಬ್ಬೊಬ್ಬ ಕಲ್ಪಿತ ವ್ಯಕ್ತಿಯ ಪಾತ್ರ ವಹಿಸಿಕೊಂಡು, ಆ ವ್ಯಕ್ತಿ ಈಗ ಏನು ಮಾಡುತ್ತಾನೆಂಬುದನ್ನು ಬಾಯಿಮಾತಿನಲ್ಲಿ ಹೇಳುತ್ತಾ ಹೋಗುವ, ಅದರ ಫಲವೇನಾಯಿತೆಂಬುದನ್ನು ತೀರ್ಪುಗಾರನೊಬ್ಬ ನಿಯಮ, ದಾಳ ಮತ್ತು ಸ್ವಂತ ವಿವೇಚನೆಯ ನೆರವಿನಿಂದ ತಿಳಿಸುವ ಆಟವನ್ನು ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯಲ್ಲಿ ಮಾರಾಟಕ್ಕೆ ಬಂದ ಮೊದಲ ಆಟವೆಂದು ಸಾಮಾನ್ಯವಾಗಿ ಪರಿಗಣಿತವಾಗಿದೆ. ಚದುರಂಗದಲ್ಲಿಯೂ ಚೌಕಾಬಾರದಲ್ಲಿಯೂ ಯಾವ ಕಾಯಿ ಎತ್ತ ನಡೆಯಬಹುದೆಂಬುದನ್ನು ನಿಯಮವೇ ಪೂರ್ತಿಯಾಗಿ ಹೇಳಿಬಿಡುವುದರಿಂದ ಅಲ್ಲಿ ನಿಯಮಕ್ಕೆ ಹೊರತಾದ ನಡೆಯೆಂಬುದೇ ಇರುವುದಿಲ್ಲ. ಇಲ್ಲಿಯಾದರೋ ಆಟಗಾರ ಬಾಗಿಲನ್ನು ಒಡೆಯಬಹುದು, ಕಾವಲುಗಾರನಿಗೆ ಲಂಚ ಕೊಡಬಹುದು, ಅಥವಾ ಎರಡನ್ನೂ ಬಿಟ್ಟು ಊರಿಗೆ ಹಿಂತಿರುಗಿ ಮದುವೆಯಾಗುತ್ತೇನೆಂದೂ ಹೇಳಬಹುದು. ಇಷ್ಟೆಲ್ಲವನ್ನೂ ಮುಂಚಿತವಾಗಿ ಊಹಿಸಿ ಬರೆದಿಡುವುದು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಎಷ್ಟನ್ನು ಕಾಗದದ ಮೇಲೆ ಬರೆಯಬೇಕು, ಎಷ್ಟನ್ನು ತೀರ್ಪುಗಾರನ ವಿವೇಚನೆಗೆ ಬಿಡಬೇಕು ಎಂಬ ಪ್ರಶ್ನೆಯೇ ಈ ಆಟಗಳ ರಚನೆಯ ಕೇಂದ್ರದಲ್ಲಿದೆ, ಮತ್ತು ಅದಕ್ಕೆ ದೊರೆತ ಒಳ್ಳೆಯ ಉತ್ತರಗಳಲ್ಲಿ ಬಹುಪಾಲು ಬರವಣಿಗೆಯ ಮೇಜಿನಲ್ಲಿ ಹೊಳೆದವಲ್ಲ, ಆಡಿ ನೋಡುವಾಗ ಎದುರಾದವು.

ಪ್ರಶ್ನೆ ಹುಟ್ಟಿದ್ದು ಜರ್ಮನ್ ಭಾಷಿಕ ಪ್ರದೇಶಗಳ ಸೈನಿಕ ವಲಯದಲ್ಲಿ. ಭಾರತದ ಚತುರಂಗವು ಪರ್ಷಿಯಾ ಮತ್ತು ಅರಬ್ ನಾಡುಗಳ ಮಾರ್ಗವಾಗಿ ಯೂರೋಪನ್ನು ತಲುಪಿ ಇಂದಿನ ಚೆಸ್ ಆಗಿ ಮಾರ್ಪಟ್ಟಿದ್ದರೂ, ಅದು ನಿಜವಾದ ಯುದ್ಧವನ್ನು ಹೋಲುವುದಿಲ್ಲವೆಂಬ ಅತೃಪ್ತಿ ಹದಿನೆಂಟನೆಯ ಶತಮಾನದಲ್ಲಿ ಕೆಲವರನ್ನು ಕಾಡುತ್ತಿತ್ತು. ಬ್ರನ್ಸ್‌ವಿಕ್‌ನ ಗಣಿತಜ್ಞ ಯೋಹಾನ್ ಹೆಲ್‌ವಿಗ್ 1780ರಲ್ಲಿ ಪ್ರಕಟಿಸಿದ ಆಟದಲ್ಲಿ 64 ಮನೆಗಳ ಬದಲು 1617 ಮನೆಗಳಿದ್ದವು, ಮತ್ತು ಬೆಟ್ಟ, ಜೌಗು, ನೀರು ಇವುಗಳನ್ನು ಮನೆಗಳ ಬಣ್ಣವೇ ಸೂಚಿಸುತ್ತಿತ್ತು. ಮನೆಗಳ ಸಂಖ್ಯೆ ಎಷ್ಟೇ ಹೆಚ್ಚಿದರೂ ಆಟ ಚೆಸ್ಸಿನ ಚೌಕಟ್ಟನ್ನು ಬಿಟ್ಟು ಹೊರಬರಲಿಲ್ಲ. ಪ್ರಶ್ಯದ ಗೇಯಾರ್ಗ್ ಫಾನ್ ರೈಸ್‌ವಿಟ್ಸ್ 1812ರಲ್ಲಿ ಚೌಕಗಳನ್ನೇ ಕೈಬಿಟ್ಟು, ಬೇಕಾದಂತೆ ಜೋಡಿಸಬಹುದಾದ ಭೂಪ್ರದೇಶದ ಹಲಗೆಗಳಿದ್ದ ಮೇಜೊಂದನ್ನು ಅರಸನಿಗೆ ಒಪ್ಪಿಸಿದನು. ಫಿರಂಗಿದಳದ ಅಧಿಕಾರಿಯಾಗಿದ್ದ ಅವನ ಮಗ ಅದನ್ನು ಬೆಳೆಸಿ, 1824ರಲ್ಲಿ ‘ಕ್ರೀಗ್ಸ್‌ಶ್ಪೀಲ್’ ಎಂಬ ಯುದ್ಧದಾಟದ ನಿಯಮಗಳನ್ನು ಮುದ್ರಿಸಿದನು. ನಿಜವಾದ ಸೈನಿಕ ನಕಾಶೆಯ ಮೇಲೆ ಕೆಂಪು ಮತ್ತು ನೀಲಿ ತುಂಡುಗಳನ್ನಿಟ್ಟು ಆಡುವ ಈ ಆಟದಲ್ಲಿ ಒಂದು ಸರದಿ ಎರಡು ನಿಮಿಷದ ಕಾಳಗಕ್ಕೆ ಸಮ. ಗುಂಡೇಟಿನಿಂದ ಎಷ್ಟು ಮಂದಿ ಬಿದ್ದರೆಂಬುದನ್ನು ದಾಳ ಮತ್ತು ಕೋಷ್ಟಕಗಳು ನಿರ್ಧರಿಸುತ್ತಿದ್ದವು. ಇವೆಲ್ಲಕ್ಕಿಂತ ದೂರಗಾಮಿಯಾದ ಹೊಸತನವೆಂದರೆ ತೀರ್ಪುಗಾರ. ಆಟಗಾರರು ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಅವನಿಗೆ ಕೊಡುತ್ತಿದ್ದರು, ಶತ್ರುವಿನ ತುಕಡಿಗಳಲ್ಲಿ ಕಣ್ಣಿಗೆ ಬೀಳುವಂಥವನ್ನು ಮಾತ್ರ ಅವನು ನಕಾಶೆಯ ಮೇಲೆ ಇಡುತ್ತಿದ್ದನು, ಮತ್ತು ರಣರಂಗದ ಪೂರ್ಣ ಚಿತ್ರ ಅವನೊಬ್ಬನಿಗೆ ಮಾತ್ರ ಗೊತ್ತಿರುತ್ತಿತ್ತು. ಆಟದ ಲೋಕದ ಬಗ್ಗೆ ಆಟಗಾರನಿಗಿಂತ ಹೆಚ್ಚು ಬಲ್ಲ, ಆದರೆ ಗೆಲ್ಲಬೇಕೆಂಬ ಆಸಕ್ತಿಯಿಲ್ಲದ ಈ ವ್ಯಕ್ತಿ ಇಲ್ಲದಿದ್ದರೆ ನೂರೈವತ್ತು ವರ್ಷಗಳ ಬಳಿಕ ಬಂದ ರೋಲ್‌ಪ್ಲೇಯಿಂಗ್ ಆಟ ಹುಟ್ಟುತ್ತಲೇ ಇರಲಿಲ್ಲ.

ಕಾಲಕ್ರಮದಲ್ಲಿ ಕೋಷ್ಟಕಗಳು ಬೆಳೆದು ಆಟದ ವೇಗ ಕುಂಠಿತವಾದಾಗ, ಪ್ರಶ್ಯದ ಸೇನಾಧಿಕಾರಿ ಯೂಲಿಯುಸ್ ಫಾನ್ ವೆರ್ಡಿ ದು ವೆರ್ನ್ವಾ 1876ರಲ್ಲಿ ಒಂದು ಪುಸ್ತಿಕೆ ಬರೆದು, ದಾಳ ಮತ್ತು ಕೋಷ್ಟಕಗಳನ್ನು ಬದಿಗಿಟ್ಟು ಯುದ್ಧಾನುಭವವುಳ್ಳ ತೀರ್ಪುಗಾರನೇ ಎಲ್ಲವನ್ನೂ ನಿರ್ಧರಿಸಲಿ ಎಂದು ವಾದಿಸಿದನು. ಇದನ್ನು ‘ಮುಕ್ತ’ ಕ್ರೀಗ್ಸ್‌ಶ್ಪೀಲ್ ಎಂದೂ ಹಳೆಯದನ್ನು ‘ಬಿಗಿ’ ಕ್ರೀಗ್ಸ್‌ಶ್ಪೀಲ್ ಎಂದೂ ಕರೆಯುವುದು ರೂಢಿಗೆ ಬಂದಿತು. ಎರಡರಲ್ಲಿಯೂ ದೋಷವಿತ್ತು: ಬಿಗಿಯಾದ ಆಟ ನ್ಯಾಯಬದ್ಧವಾದರೂ ನಿಧಾನ, ಮುಕ್ತವಾದ ಆಟ ಚುರುಕಾದರೂ ತೀರ್ಪುಗಾರನ ಯೋಗ್ಯತೆಯನ್ನೇ ಪೂರ್ತಿ ಅವಲಂಬಿಸಿದ್ದು. ಅಮೆರಿಕದ ಸೇನಾಧಿಕಾರಿ ಚಾರ್ಲ್ಸ್ ಟಾಟನ್ 1880ರಲ್ಲಿ ಹೊರತಂದ ‘ಸ್ಟ್ರಾಟಿಗೋಸ್’ ಎಂಬ ಗ್ರಂಥ ಇವೆರಡನ್ನೂ ಹೊಂದಿಸಲು ಯತ್ನಿಸಿತು. ನಿಯಮದಲ್ಲಿ ಇಲ್ಲದ್ದನ್ನೂ ಆಟಗಾರ ಪ್ರಯತ್ನಿಸಬಹುದು, ಅದು ಕೈಗೂಡುವ ಸಾಧ್ಯತೆ ಎಷ್ಟೆಂಬುದನ್ನು ತೀರ್ಪುಗಾರ ಅಳೆಯಬೇಕು ಎಂಬ ವಿಚಾರ ಅದರಲ್ಲಿದೆ. ಗ್ರಂಥ ಬಹುಬೇಗ ಮರೆತುಹೋಯಿತು.

ಇಪ್ಪತ್ತನೆಯ ಶತಮಾನದಲ್ಲಿ ಯುದ್ಧದಾಟ ಸೈನಿಕರ ಕೈಯಿಂದ ಹವ್ಯಾಸಿಗಳ ಕೈಗೆ ಬಂದಿತು. ಎಚ್. ಜಿ. ವೆಲ್ಸ್ 1913ರಲ್ಲಿ ಬೊಂಬೆ ಸೈನಿಕರ ಆಟಕ್ಕೆ ನಿಯಮಪುಸ್ತಕ ಬರೆದನು, ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಹಲಗೆಯಾಟವನ್ನು ಮಾರಾಟಕ್ಕೆ ತಂದನು, ಮತ್ತು 1959ರಲ್ಲಿ ಆಲನ್ ಕ್ಯಾಲಮರ್ ಪ್ರಕಟಿಸಿದ ‘ಡಿಪ್ಲೊಮಸಿ’ಯಲ್ಲಿ ಆಟಗಾರರು ದಾಳವಿಲ್ಲದೆ, ಬರಿಯ ಮಾತುಕತೆ, ಮೈತ್ರಿ ಮತ್ತು ವಿಶ್ವಾಸಘಾತದಿಂದ ಯೂರೋಪನ್ನು ಗೆಲ್ಲಲು ಹೊರಡುತ್ತಿದ್ದರು. ಈ ಮೂರೂ ಬಗೆಯ ಆಟಗಳನ್ನು ಆಡುತ್ತಿದ್ದ ಯುವಕರ ಗುಂಪೊಂದು 1960ರ ದಶಕದಲ್ಲಿ ಮಿನೆಸೋಟ ರಾಜ್ಯದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ನಲ್ಲಿತ್ತು. ಅವರಲ್ಲೊಬ್ಬನಾದ ಡೇವಿಡ್ ವೆಸ್ಲಿಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಟಾಟನ್‌ನ ಮರೆತುಹೋದ ಪುಸ್ತಕ ಸಿಕ್ಕಿತು.

ವೆಸ್ಲಿ 1969ರ ಸುಮಾರಿಗೆ ಏರ್ಪಡಿಸಿದ ಒಂದು ಆಟ ಈ ಇತಿಹಾಸದ ನಿರ್ಣಾಯಕ ಪ್ರಯೋಗವಾಗಿದ್ದು, ಅದನ್ನು ತುಸು ವಿವರವಾಗಿ ನೋಡಬೇಕು. ನೆಪೋಲಿಯನ್ ಕಾಲದ ‘ಬ್ರೌನ್‌ಸ್ಟೈನ್’ ಎಂಬ ಕಲ್ಪಿತ ಜರ್ಮನ್ ಪಟ್ಟಣದ ಬಳಿ ಎರಡು ಸೈನ್ಯಗಳು ಎದುರಾಗುವ ಕಾಳಗ ಅದು. ಸೇನಾಪತಿಗಳ ಸ್ಥಾನಗಳು ತುಂಬಿದ ಮೇಲೂ ಆಟಗಾರರು ಉಳಿದಿದ್ದುದರಿಂದ ವೆಸ್ಲಿ ಅವರಿಗೆ ಪಟ್ಟಣದ ಮೇಯರ್, ಬ್ಯಾಂಕಿನ ಒಡೆಯ, ವಿಶ್ವವಿದ್ಯಾಲಯದ ಮುಖ್ಯಸ್ಥ ಮೊದಲಾದ ಪಾತ್ರಗಳನ್ನು, ಒಬ್ಬೊಬ್ಬರಿಗೆ ಒಂದೊಂದು ಗುಟ್ಟಿನ ಗುರಿಯ ಸಮೇತ ಹಂಚಿದನು. ಕಾಳಗಕ್ಕೆ ಮುನ್ನುಡಿಯಾಗಿ ಈ ಭಾಗ ಬೇಗ ಮುಗಿಯುತ್ತದೆಂಬುದು ಅವನ ಎಣಿಕೆಯಾಗಿತ್ತು. ನಡೆದದ್ದೇ ಬೇರೆ. ಆಟಗಾರರು ಮೇಜು ಬಿಟ್ಟೆದ್ದು ಪಕ್ಕದ ಕೋಣೆಗಳಲ್ಲಿ ಪಿತೂರಿ ಆರಂಭಿಸಿದರು, ನಿಯಮದಲ್ಲಿಲ್ಲದ ಪ್ರಶ್ನೆಗಳನ್ನು ತಂದು ವೆಸ್ಲಿಯ ಮುಂದೆ ಸಾಲುಗಟ್ಟಿದರು, ಇಬ್ಬರು ದ್ವಂದ್ವಯುದ್ಧಕ್ಕೂ ನಿಂತರು. ದ್ವಂದ್ವಕ್ಕೆ ನಿಯಮವೇ ಇರದಿದ್ದುದರಿಂದ ಅವನು ಆ ಕ್ಷಣಕ್ಕೆ ತೋಚಿದ ರೀತಿಯಲ್ಲಿ ದಾಳ ಉರುಳಿಸಿ ತೀರ್ಪು ಹೇಳಬೇಕಾಯಿತು. ಸೈನ್ಯಗಳು ಎದುರಾಗುವ ಮುನ್ನವೇ ರಾತ್ರಿ ಕಳೆದುಹೋಯಿತು. ತನ್ನ ಆಟ ಕೆಟ್ಟಿತೆಂದು ವೆಸ್ಲಿ ನಂಬಿದನು, ಆಟಗಾರರಾದರೋ ಇಂಥದ್ದನ್ನೇ ಮತ್ತೊಮ್ಮೆ ಆಡಿಸೆಂದು ಬೆನ್ನುಹತ್ತಿದರು.

ಮುಂದಿನ ಪ್ರಯತ್ನಗಳಲ್ಲಿ ಅವನು ಗೊಂದಲವನ್ನು ತಡೆಯಲೆಂದು ಕಟ್ಟುಪಾಡುಗಳನ್ನು ಬಿಗಿ ಮಾಡಿದಾಗ ಆಟದ ಜೀವವೇ ಹೋಯಿತು. ಪುನಃ ಸಡಿಲಿಸಿ, ಲ್ಯಾಟಿನ್ ಅಮೆರಿಕದ ಕಲ್ಪಿತ ದೇಶವೊಂದರ ಕ್ರಾಂತಿಯನ್ನು ವಸ್ತುವಾಗಿಟ್ಟುಕೊಂಡು ನಡೆಸಿದ ಆಟ ಯಶಸ್ವಿಯಾಯಿತು. ಅದರಲ್ಲಿ ಕ್ರಾಂತಿಕಾರಿ ವಿದ್ಯಾರ್ಥಿಯ ಪಾತ್ರ ವಹಿಸಿದ್ದ ಡೇವ್ ಆರ್ನೆಸನ್, ತಾನೇ ತಯಾರಿಸಿಕೊಂಡು ಬಂದಿದ್ದ ನಕಲಿ ಗುರುತಿನ ಚೀಟಿ ತೋರಿಸಿ ತಾನು ಅಮೆರಿಕದ ಗೂಢಚಾರನೆಂದು ಉಳಿದವರನ್ನು ನಂಬಿಸಿ, ದೇಶದ ಖಜಾನೆಯೊಡನೆ ಹೆಲಿಕಾಪ್ಟರ್ ಏರಿ ಪರಾರಿಯಾದನು. ಇದನ್ನು ಯಾವ ನಿಯಮವೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಯಾವ ನಿಯಮವೂ ತಡೆಯಲೂ ಇಲ್ಲ. ಬಿಗಿಮಾಡಿ ಸೋತದ್ದು, ಸಡಿಲಿಸಿ ಗೆದ್ದದ್ದು ಎರಡೂ ಕಣ್ಣೆದುರಿಗೇ ನಡೆದಿದ್ದರಿಂದ, ಪ್ರಶ್ಯದ ಅಧಿಕಾರಿಗಳು ಪುಸ್ತಿಕೆಗಳ ಮೂಲಕ ನಡೆಸಿದ್ದ ವಾದಕ್ಕೆ ಈ ಯುವಕರಲ್ಲಿ ಅನುಭವದ ಉತ್ತರವೊಂದು ಸಿದ್ಧವಾಗಿತ್ತು.

ವೆಸ್ಲಿ ಸೈನಿಕ ಸೇವೆಗೆ ತೆರಳಿದ ಮೇಲೆ ಆರ್ನೆಸನ್ 1971ರಲ್ಲಿ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನ ಆಟವನ್ನು ಸೇಂಟ್ ಪಾಲ್‌ನ ತನ್ನ ಮನೆಯಲ್ಲಿ ಆರಂಭಿಸಿದನು. ಬ್ರೌನ್‌ಸ್ಟೈನ್ ಆಟಗಳು ಒಂದು ರಾತ್ರಿಗೆ ಮುಗಿಯುತ್ತಿದ್ದವು. ಬ್ಲ್ಯಾಕ್‌ಮೂರ್ ವಾರದಿಂದ ವಾರಕ್ಕೆ ಮುಂದುವರಿಯಿತು, ಮತ್ತು ಬದುಕುಳಿದ ಪಾತ್ರ ತನ್ನ ಅನುಭವದಿಂದ ಬಲಗೊಳ್ಳುತ್ತಾ ಹೋಗುವ ಏರ್ಪಾಡು ಅದರಲ್ಲಿ ಬೆಳೆಯಿತು. ಮೊದಮೊದಲು ಹೊಡೆದಾಟಗಳಿಗೆ ಆರ್ನೆಸನ್ ಬಳಸಿದ್ದು ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಅದೇ ವರ್ಷ ಪ್ರಕಟಿಸಿದ್ದ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟದ ನಿಯಮಗಳನ್ನು. ಆದರೆ ಸೈನ್ಯದ ಲೆಕ್ಕದಲ್ಲಿ ಒಬ್ಬ ಸೈನಿಕ ಒಂದೇಟಿಗೆ ಬೀಳುವುದು ಸಹಜವಾದರೂ, ವಾರಗಟ್ಟಲೆ ಒಂದೇ ಪಾತ್ರವನ್ನು ಪೋಷಿಸಿದ ಆಟಗಾರನಿಗೆ ಅದು ಸಹ್ಯವಾಗಲಿಲ್ಲ. ಆರ್ನೆಸನ್ ತಾನು ಹಿಂದೆ ರಚಿಸಿದ್ದ ನೌಕಾಯುದ್ಧದ ಆಟದ ಕಡೆಗೆ ತಿರುಗಿದನು. ಹಡಗು ಮುಳುಗುವ ಮುನ್ನ ಇಷ್ಟು ಏಟುಗಳನ್ನು ತಾಳುತ್ತದೆಂಬ ಅಲ್ಲಿನ ಲೆಕ್ಕವನ್ನು ಮನುಷ್ಯನಿಗೆ ಅನ್ವಯಿಸಿದನು. ಇಂದು ಕಂಪ್ಯೂಟರ್ ಆಟಗಳಲ್ಲೂ ಕಾಣುವ ‘ಹಿಟ್ ಪಾಯಿಂಟ್’, ಅಂದರೆ ಪಾತ್ರದ ಪ್ರಾಣಶಕ್ತಿಯನ್ನು ಅಂಕಿಯಲ್ಲಿ ಇಡುವ ಪದ್ಧತಿ, ಹೀಗೆ ಆಟಗಾರರ ಅಸಮಾಧಾನದಿಂದ ಹುಟ್ಟಿದ್ದು.

ಬ್ಲ್ಯಾಕ್‌ಮೂರ್ ಕೋಟೆಯ ಅಡಿಯಲ್ಲಿ ಆರ್ನೆಸನ್ ಚಿತ್ರಿಸಿದ ಅಂತಸ್ತು ಅಂತಸ್ತಿನ ನೆಲಮಾಳಿಗೆಗಳನ್ನು ಸಾಮಾನ್ಯವಾಗಿ ಕಲ್ಪನಾವಿಲಾಸದ ಗುರುತೆಂದು ಹೊಗಳುವುದುಂಟು. ರಚನೆಯ ದೃಷ್ಟಿಯಿಂದ ಅದರ ಮಹತ್ವ ಬೇರೆಯೇ ಆಗಿದೆ. ಬಯಲಿನಲ್ಲಿ ಆಟಗಾರರು ಯಾವ ದಿಕ್ಕಿಗೆ ಹೊರಡುತ್ತಾರೋ ತಿಳಿಯದ ತೀರ್ಪುಗಾರನಿಗೆ ಇಡೀ ಜಗತ್ತನ್ನು ಸಿದ್ಧವಾಗಿಡುವುದು ಅಸಾಧ್ಯ. ಓಣಿ, ಕೋಣೆ, ಬಾಗಿಲುಗಳ ನೆಲಮಾಳಿಗೆಯಲ್ಲಾದರೆ ಮುಂದಿನ ದಾರಿಗಳು ಎಡ, ಬಲ, ಮೇಲೆ, ಕೆಳಗೆ ಇಷ್ಟೇ ಆಗಿರುವುದರಿಂದ ಅವನು ನಕಾಶೆಯನ್ನು ಮೊದಲೇ ಬರೆದು, ಯಾವ ಕೋಣೆಯಲ್ಲಿ ಏನಿದೆಯೆಂದು ಗುರುತು ಹಾಕಿಕೊಳ್ಳಬಹುದು, ಮತ್ತು ಕೋಣೆಯೊಳಗೆ ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸುವ ಸ್ವಾತಂತ್ರ್ಯವೂ ಉಳಿಯುತ್ತದೆ. ಸ್ವಾತಂತ್ರ್ಯಕ್ಕೂ ಸಿದ್ಧತೆಗೂ ನಡುವಿನ ಇಂಥ ಹೊಂದಾಣಿಕೆ ಈ ಕ್ಷೇತ್ರದಲ್ಲಿ ಮತ್ತೆ ಅಷ್ಟು ಸರಳವಾಗಿ ಯಾರಿಗೂ ದಕ್ಕಿಲ್ಲ.

ಆರ್ನೆಸನ್ 1972ರ ಕೊನೆಯಲ್ಲಿ ಲೇಕ್ ಜಿನೀವಾಕ್ಕೆ ಹೋಗಿ ಈ ಆಟವನ್ನು ಗೈಗ್ಯಾಕ್ಸ್‌ಗೆ ಆಡಿಸಿ ತೋರಿಸಿದನು. ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಚಪ್ಪಲಿ ದುರಸ್ತಿ ಮಾಡುತ್ತಾ ಸಂಸಾರ ನಡೆಸುತ್ತಿದ್ದ ಗೈಗ್ಯಾಕ್ಸ್‌ಗೆ ಬರವಣಿಗೆಯಲ್ಲಿ ಅಪಾರ ಶ್ರದ್ಧೆಯಿತ್ತು. ಆರ್ನೆಸನ್‌ನ ನಿಯಮಗಳು ಬಹುಮಟ್ಟಿಗೆ ಅವನ ತಲೆಯಲ್ಲಿಯೂ ಚದುರಿದ ಟಿಪ್ಪಣಿಗಳಲ್ಲಿಯೂ ಇದ್ದವು. ಅವುಗಳ ಆಧಾರದ ಮೇಲೆ ಗೈಗ್ಯಾಕ್ಸ್ ಸುಮಾರು 50 ಪುಟಗಳ ಕರಡು ಸಿದ್ಧಪಡಿಸಿ, ತನ್ನ ಮಕ್ಕಳು ಮತ್ತು ಗೆಳೆಯರೊಡನೆ ‘ಗ್ರೇಹಾಕ್’ ಎಂಬ ತನ್ನದೇ ನೆಲಮಾಳಿಗೆಯಲ್ಲಿ ಆಡಿ ನೋಡಿ, ದೂರದ ಪರಿಚಿತರಿಗೂ ಪ್ರತಿ ಕಳಿಸಿ, ಕೆಲವೇ ತಿಂಗಳಲ್ಲಿ ಅದನ್ನು 150 ಪುಟಗಳಿಗೆ ಬೆಳೆಸಿದನು. ಆಟ ಯಾರದು ಎಂಬ ವಿವಾದ ಮುಂದೆ ನ್ಯಾಯಾಲಯದವರೆಗೆ ಹೋಗಿ 1981ರಲ್ಲಿ ರಾಜಿಯಲ್ಲಿ ಮುಗಿಯಿತು. ಆಡಿಸುವ ಕಲೆ ಒಬ್ಬನಿಂದ, ಅದನ್ನು ಅಪರಿಚಿತರೂ ಆಡಬಲ್ಲ ಪುಸ್ತಕವಾಗಿಸುವ ದುಡಿಮೆ ಇನ್ನೊಬ್ಬನಿಂದ ಬಂದಿರುವುದರಿಂದ ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕರ್ತೃವೆಂದು ಎತ್ತಿ ಹಿಡಿಯುವುದು ಅನ್ಯಾಯವಾಗುತ್ತದೆ.

ಸ್ಥಾಪಿತ ಪ್ರಕಾಶಕರು ಮುಂದೆ ಬಾರದಿದ್ದಾಗ ಗೈಗ್ಯಾಕ್ಸ್ ಮತ್ತು ಅವನ ಬಾಲ್ಯದ ಗೆಳೆಯ ಡಾನ್ ಕೇ 1973ರ ಅಕ್ಟೋಬರಿನಲ್ಲಿ ತಲಾ 1000 ಡಾಲರ್ ಹಾಕಿ ‘ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್’ ಎಂಬ ಸಂಸ್ಥೆ ಕಟ್ಟಿದರು, ಬ್ರಯನ್ ಬ್ಲೂಮ್ ತಂದ ಹಣದಿಂದ ಮುದ್ರಣ ಸಾಧ್ಯವಾಯಿತು. ಮೂರು ಪುಸ್ತಿಕೆಗಳ ಪೆಟ್ಟಿಗೆಯ 1000 ಪ್ರತಿಗಳನ್ನು ಕೈಯಿಂದಲೇ ಜೋಡಿಸಿ, 10 ಡಾಲರ್ ಬೆಲೆಗೆ ಮಾರಿದ್ದು ಸುಮಾರು ಒಂದು ವರ್ಷದಲ್ಲಿ ಮುಗಿಯಿತು. ಹೊದಿಕೆಯ ಮೇಲೆ ಅದು ತನ್ನನ್ನು ಇನ್ನೂ ಯುದ್ಧದಾಟವೆಂದೇ ಕರೆದುಕೊಂಡಿತ್ತು.

ಪುಸ್ತಿಕೆಗಳು ಅಪೂರ್ಣವಾಗಿದ್ದವು: ಕೆಲವು ನಿಯಮಗಳಿಗೆ ಚೈನ್‌ಮೇಲನ್ನೇ ನೋಡಬೇಕಿತ್ತು, ಕೆಲವು ಎಲ್ಲಿಯೂ ಇರಲಿಲ್ಲ. ಈ ಕೊರತೆಯಿಂದಲೇ ಆಟರಚನೆಯೆಂಬ ಕಸುಬು ಹರಡಿತೆಂದರೆ ತಪ್ಪಾಗದು, ಏಕೆಂದರೆ ಪೆಟ್ಟಿಗೆ ಕೊಂಡ ಪ್ರತಿಯೊಂದು ಗುಂಪೂ ತನಗೆ ತಿಳಿದಂತೆ ಬಿಟ್ಟ ಸ್ಥಳ ತುಂಬಬೇಕಾಗಿ ಬಂದು, ಆಡುವವರೆಲ್ಲ ಅರೆ ರಚನಕಾರರಾದರು. ಅರಿಜೋನಾದ ಕೆನ್ ಸೇಂಟ್ ಆಂಡ್ರೆ ಗೆಳೆಯನ ಪ್ರತಿಯನ್ನು ಓದಿ, ಕಲ್ಪನೆಗೆ ಮಾರುಹೋಗಿ, ನಿಯಮಗಳಿಗೆ ಬೇಸತ್ತು, 1975ರಲ್ಲಿ ಸಾಮಾನ್ಯ ಆರು ಮುಖದ ದಾಳಗಳಿಂದಲೇ ಆಡಬಹುದಾದ ‘ಟನಲ್ಸ್ ಅಂಡ್ ಟ್ರೋಲ್ಸ್’ ಬರೆದು ನೂರು ಪ್ರತಿ ಮುದ್ರಿಸಿದನು. ಅದೇ ಆಟಕ್ಕಾಗಿ 1976ರಲ್ಲಿ ಬಂದ ‘ಬಫಲೋ ಕ್ಯಾಸಲ್’ ಎಂಬ ಪುಸ್ತಿಕೆಯನ್ನು ಒಬ್ಬನೇ ಕುಳಿತು ಆಡಬಹುದಿತ್ತು. ಯಾವ ಬಾಗಿಲನ್ನು ಆರಿಸಿದರೆ ಯಾವ ಭಾಗಕ್ಕೆ ಹೋಗಬೇಕೆಂದು ಪುಸ್ತಕವೇ ಹೇಳುತ್ತಿದ್ದುದರಿಂದ ಅಲ್ಲಿ ತೀರ್ಪುಗಾರನ ಸ್ಥಾನವನ್ನು ಮುದ್ರಿತ ಪುಟ ಆಕ್ರಮಿಸಿತು, ಆದರೆ ಪುಸ್ತಕ ಊಹಿಸಿರದ ಏನನ್ನೂ ಮಾಡುವ ಅವಕಾಶ ಓದುಗನಿಗೆ ಉಳಿಯಲಿಲ್ಲ. ಲಾಸ್ ಏಂಜಲೀಸಿನ ಲೀ ಗೋಲ್ಡ್ ಎಂಬಾಕೆ 1975ರಲ್ಲಿ ಆರಂಭಿಸಿದ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಪತ್ರಿಕೆಗೆ ಚಂದಾದಾರರೇ ತಮ್ಮ ಪುಟಗಳನ್ನು ಬರೆದು ಕಳಿಸುತ್ತಿದ್ದರು, ಅವೆಲ್ಲವನ್ನೂ ಒಟ್ಟುಗೂಡಿಸಿ ಅಂಚೆಯಲ್ಲಿ ಹಂಚಲಾಗುತ್ತಿತ್ತು. ತಮ್ಮ ಮೇಜಿನಲ್ಲಿ ಯಾವ ನಿಯಮ ಕೆಲಸ ಮಾಡಿತು, ಯಾವುದು ಸೋತಿತು ಎಂಬ ವರದಿಗಳು ಹಲವು ದಶಕಗಳ ಕಾಲ ಅಲ್ಲಿ ಪ್ರಕಟವಾದವು.

ಮಿನೆಸೋಟದಲ್ಲಿಯೇ ಇನ್ನೊಂದು ಆಟ ರೂಪುಗೊಂಡಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕನಾಗಿದ್ದ ಎಂ. ಎ. ಆರ್. ಬಾರ್ಕರ್ ಬಾಲ್ಯದಿಂದ ಕಟ್ಟಿಕೊಂಡು ಬಂದಿದ್ದ ‘ಟೇಕುಮೆಲ್’ ಎಂಬ ಲೋಕಕ್ಕೆ, ಯೂರೋಪಿನ ಮಧ್ಯಯುಗದ ಬದಲು ಭಾರತ, ಮಧ್ಯ ಅಮೆರಿಕ ಮೊದಲಾದ ಕಡೆಗಳ ಪ್ರಾಚೀನ ಸಮಾಜಗಳ ಛಾಯೆಯಿತ್ತು, ವ್ಯಾಕರಣಸಹಿತವಾದ ಸ್ವಂತ ಭಾಷೆಯಿತ್ತು. 1975ರಲ್ಲಿ ಪ್ರಕಟವಾದ ‘ಎಂಪೈರ್ ಆಫ್ ದ ಪೆಟಲ್ ಥ್ರೋನ್’ ಆಟದಲ್ಲಿ ಈ ಲೋಕವೇ ಕೇಂದ್ರವಾಗಿ, ಕುಲ, ಮಾನ, ಅಂತಸ್ತುಗಳು ಕತ್ತಿಯಷ್ಟೇ ಮುಖ್ಯವಾದವು. ಬಾರ್ಕರ್ ಗುಪ್ತನಾಮದಲ್ಲಿ ನಾಜಿ ಪರವಾದ ಕಾದಂಬರಿಯೊಂದನ್ನು ಬರೆದಿದ್ದನೆಂಬುದನ್ನು ಅವನ ಕೃತಿಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ 2022ರಲ್ಲಿ ಒಪ್ಪಿಕೊಂಡಿದೆ. ಆಟದ ಮಹತ್ವವನ್ನು ಗುರುತಿಸುವಾಗ ಈ ಸಂಗತಿಯನ್ನು ಮುಚ್ಚಿಡುವುದು ಇತಿಹಾಸಕ್ಕೆ ತಕ್ಕುದಲ್ಲ.

ಓದುಗರೇ ನಿಯಮ ಕಟ್ಟಿಕೊಳ್ಳಲೆಂದು 1974ರಲ್ಲಿ ಪ್ರೋತ್ಸಾಹಿಸಿದ್ದ ಗೈಗ್ಯಾಕ್ಸ್ ಕೆಲವೇ ವರ್ಷಗಳಲ್ಲಿ ನಿಲುವು ಬದಲಿಸಿದನು. ಸಮ್ಮೇಳನಗಳಲ್ಲಿ ಹಲವು ಗುಂಪುಗಳು ಒಂದೇ ನೆಲಮಾಳಿಗೆಯನ್ನು ಆಡಿ ಯಾರು ಮೇಲೆಂದು ನಿರ್ಧರಿಸುವ ಪಂದ್ಯಗಳು ಆರಂಭವಾಗಿದ್ದವು, ಮತ್ತು ಮೇಜಿಗೊಂದು ನ್ಯಾಯವಿದ್ದರೆ ಪಂದ್ಯ ನಡೆಯುವಂತಿರಲಿಲ್ಲ. 1977ರಿಂದ 1979ರವರೆಗೆ ಮೂರು ದಪ್ಪ ಸಂಪುಟಗಳಾಗಿ ಬಂದ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರಾಗನ್ಸ್’ ಏಕರೂಪತೆಯನ್ನು ಒತ್ತಿ ಹೇಳಿತು. ಐವತ್ತು ಬಗೆಯ ಆಯುಧಗಳಿಗೂ ಬಗೆಬಗೆಯ ಕವಚಗಳಿಗೂ ಲೆಕ್ಕ ಕೊಟ್ಟ ಆ ಗ್ರಂಥಗಳಲ್ಲಿ ಹಳೆಯ ಬಿಗಿ ಕ್ರೀಗ್ಸ್‌ಶ್ಪೀಲಿನ ಮನೋಧರ್ಮ ಮರಳಿ ಬಂದಂತೆ ಕಾಣುತ್ತದೆ.

ಅದೇ ಕಾಲದಲ್ಲಿ ಬೇರೆಯವರು, ನಿಯಮಗಳ ಪ್ರಮಾಣಕ್ಕಿಂತ ಅವು ಯಾವುದನ್ನು ಅಳೆಯುತ್ತವೆ ಎಂಬುದರ ಕಡೆ ಗಮನ ಹರಿಸಿದರು. ಮಾರ್ಕ್ ಮಿಲ್ಲರ್‌ನ ‘ಟ್ರಾವೆಲರ್’ ಎಂಬ 1977ರ ವೈಜ್ಞಾನಿಕ ಕಲ್ಪನೆಯ ಆಟದಲ್ಲಿ ಪಾತ್ರವನ್ನು ರೂಪಿಸುವುದೇ ಒಂದು ಆಟ. ಪಾತ್ರದ ಹಿಂದಿನ ಉದ್ಯೋಗ, ಬಡ್ತಿ, ಕಲಿತ ವಿದ್ಯೆಗಳನ್ನು ದಾಳ ನಿರ್ಧರಿಸುತ್ತದೆ, ಆಟ ಆರಂಭವಾಗುವ ಮುನ್ನವೇ ಪಾತ್ರ ಸಾಯಲೂಬಹುದು. ಮಧ್ಯಯುಗದ ಶೈಲಿಯ ಕತ್ತಿವರಸೆಯನ್ನು ಕವಚ ತೊಟ್ಟು ಸ್ವತಃ ಅಭ್ಯಾಸ ಮಾಡಿದ್ದ ಸ್ಟೀವ್ ಪೆರಿನ್, 1978ರ ‘ರೂನ್‌ಕ್ವೆಸ್ಟ್’ನಲ್ಲಿ ಯೋಧ, ಮಾಂತ್ರಿಕ ಎಂಬ ಕಟ್ಟುನಿಟ್ಟಿನ ವರ್ಗಗಳನ್ನು ತೆಗೆದುಹಾಕಿ, ಪ್ರತಿಯೊಂದು ಕೌಶಲವನ್ನೂ ಶೇಕಡಾವಾರು ಅಳೆದು, ಬಳಸಿದ ಕೌಶಲ ಮಾತ್ರ ಬೆಳೆಯುವಂತೆ ಮಾಡಿದನು. ಇದೇ ಚೌಕಟ್ಟಿನ ಮೇಲೆ ಸ್ಯಾಂಡಿ ಪೀಟರ್ಸನ್ 1981ರಲ್ಲಿ ರಚಿಸಿದ ‘ಕಾಲ್ ಆಫ್ ಕ್ತುಲು’ ಎಂಬ ಭಯಾನಕ ಕಥೆಗಳ ಆಟದಲ್ಲಿ ಪಾತ್ರದ ಮಾನಸಿಕ ಸ್ವಾಸ್ಥ್ಯಕ್ಕೂ ಅಂಕಿಯಿತ್ತು. ಕಾಣಬಾರದ್ದನ್ನು ಕಂಡಾಗಲೆಲ್ಲ ಅದು ಕುಸಿಯುತ್ತಿತ್ತು. ಆಟವನ್ನು ಪರೀಕ್ಷಿಸುತ್ತಿದ್ದಾಗ, ಭೀಕರ ಜೀವಿಯೊಂದು ಪ್ರತ್ಯಕ್ಷವಾಗುವ ಹೊತ್ತಿಗೆ ಒಬ್ಬ ತನ್ನ ಪಾತ್ರ ಕಣ್ಣು ಮುಚ್ಚಿಕೊಳ್ಳುತ್ತದೆಂದೂ ಇನ್ನೊಬ್ಬ ಗೋಡೆಯತ್ತ ತಿರುಗುತ್ತದೆಂದೂ ಹೇಳಿದ್ದನ್ನು ಪೀಟರ್ಸನ್ ನೆನಪಿಸಿಕೊಂಡಿದ್ದಾನೆ. ಅದುವರೆಗಿನ ಆಟಗಳಲ್ಲಿ ರಾಕ್ಷಸನನ್ನು ಕಂಡ ಆಟಗಾರರು ಕತ್ತಿ ಹಿರಿದು ಮುನ್ನುಗ್ಗುತ್ತಿದ್ದರು. ಇಲ್ಲಿ ಒಂದೇ ಒಂದು ಅಂಕಿ ಅವರಲ್ಲಿ ಭಯವನ್ನು ಹುಟ್ಟಿಸಿತ್ತು. ತೀರ್ಪುಗಾರನ ವರ್ಣನಾಶಕ್ತಿಗೆ ಬಿಟ್ಟಿದ್ದ ಕೆಲಸವನ್ನು ಚಿಕ್ಕದೊಂದು ನಿಯಮ ಮಾಡಿ ತೋರಿಸಿದ ಈ ನಿದರ್ಶನ, ಇಡೀ ಇತಿಹಾಸದಲ್ಲಿ ರಚನಾಕೌಶಲದ ಅತ್ಯುತ್ತಮ ಫಲಗಳಲ್ಲೊಂದು.

ಎರಿಕ್ ವೂಸಿಕ್‌ನ ‘ಆಂಬರ್’ 1991ರಲ್ಲಿ ದಾಳವನ್ನು ಪೂರ್ತಿಯಾಗಿ ಬಿಟ್ಟು, ಪಾತ್ರಗಳ ಗುಣಗಳನ್ನು ಆಟಗಾರರ ನಡುವೆ ಹರಾಜು ಹಾಕಿಸಿ, ಉಳಿದುದನ್ನು ತೀರ್ಪುಗಾರನಿಗೆ ಒಪ್ಪಿಸಿತು. ವೆರ್ಡಿಯ ಹೆಸರು ಕೇಳಿರದ ಆಟಗಾರರ ಮೇಜಿಗೂ ಅವನ ವಾದ ಹೀಗೆ ಬಂದು ತಲುಪಿತು. 2009ರ ‘ಫಿಯಾಸ್ಕೋ’ದಲ್ಲಿ ಜೇಸನ್ ಮಾರ್ನಿಂಗ್‌ಸ್ಟಾರ್ ತೀರ್ಪುಗಾರನನ್ನೇ ತೆಗೆದು, ದೃಶ್ಯ ಕಟ್ಟುವ ಮತ್ತು ಮುಗಿಸುವ ಅಧಿಕಾರವನ್ನು ಆಟಗಾರರಲ್ಲಿ ಸರದಿಯಂತೆ ಹಂಚಿದನು. ಇವೆಲ್ಲಕ್ಕಿಂತ ಆಳವಾದ ಪ್ರಭಾವ ಬೀರಿದ್ದು ವಿನ್ಸೆಂಟ್ ಮತ್ತು ಮೆಗ್ವಿ ಬೇಕರ್ ದಂಪತಿಯ ‘ಅಪೋಕ್ಯಾಲಿಪ್ಸ್ ವರ್ಲ್ಡ್’ (2010). ಅದರಲ್ಲಿ ಆಟಗಾರ ಎರಡು ದಾಳ ಉರುಳಿಸಿ ತನ್ನ ಗುಣಾಂಕ ಸೇರಿಸಿದಾಗ 10 ಅಥವಾ ಹೆಚ್ಚು ಬಂದರೆ ಪೂರ್ಣ ಯಶಸ್ಸು, 7ರಿಂದ 9 ಬಂದರೆ ಬೆಲೆ ತೆತ್ತು ಪಡೆದ ಯಶಸ್ಸು, ಅದಕ್ಕಿಂತ ಕಡಿಮೆಯಾದರೆ ತೀರ್ಪುಗಾರನ ಸರದಿ. ತೀರ್ಪುಗಾರ ದಾಳ ಮುಟ್ಟುವುದೇ ಇಲ್ಲ. ಬದಲಿಗೆ ಅವನು ಯಾವ ಉದ್ದೇಶದಿಂದ ಮಾತನಾಡಬೇಕು, ಯಾವ ತತ್ತ್ವಗಳಿಗೆ ಬದ್ಧನಾಗಿರಬೇಕು, ತನ್ನ ಸರದಿಯಲ್ಲಿ ಯಾವ ಬಗೆಯ ನಡೆಗಳನ್ನು ಮಾಡಬಹುದು ಎಂಬುದನ್ನು ಪುಸ್ತಕ ನಿಯಮವಾಗಿಯೇ ಬರೆದಿದೆ. ರೈಸ್‌ವಿಟ್ಸ್ ರಣರಂಗವನ್ನು ನಿಯಮಕ್ಕೆ ಒಳಪಡಿಸಿದ್ದನು, ಬೇಕರ್ ದಂಪತಿ ತೀರ್ಪುಗಾರನ ವಿವೇಚನೆಯನ್ನೇ ನಿಯಮದ ವಸ್ತುವಾಗಿಸಿದರು. ಬಿಗಿಯೋ ಮುಕ್ತವೋ ಎಂಬ ಹಳೆಯ ಆಯ್ಕೆ ಇದರಿಂದ ಮೊದಲಿನಷ್ಟು ಅನಿವಾರ್ಯವಾಗಿ ಉಳಿಯಲಿಲ್ಲ.

ಮುದ್ರಣಕ್ಕೆ ಮೊದಲು ಆಡಿ ನೋಡುವ ಪದ್ಧತಿಯೂ ಈ ನಡುವೆ ವ್ಯವಸ್ಥಿತವಾಗಿದೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೆಯ ಆವೃತ್ತಿ 2014ರಲ್ಲಿ ಬರುವ ಮುನ್ನ, 2012ರಿಂದ ಅದರ ಕರಡನ್ನು ಸಾರ್ವಜನಿಕರಿಗೆ ಕೊಟ್ಟು ಲಕ್ಷಕ್ಕೂ ಹೆಚ್ಚು ಜನರಿಂದ ಪರೀಕ್ಷಿಸಲಾಯಿತು, ಮತ್ತು ಹೊರಬಂದ ಪುಸ್ತಕ ಹಿಂದಿನ ಎರಡು ಆವೃತ್ತಿಗಳಿಗಿಂತ ಹೆಚ್ಚಿನ ಅವಕಾಶವನ್ನು ತೀರ್ಪುಗಾರನಿಗೆ ಬಿಟ್ಟುಕೊಟ್ಟಿತು. ಸಣ್ಣ ಪ್ರಮಾಣದಲ್ಲಿ ಆಟ ರಚಿಸುವವರು ಮೊದಲು ತಾವೇ ತೀರ್ಪುಗಾರರಾಗಿ ಆಡಿಸುತ್ತಾರೆ, ಆ ಹಂತದಲ್ಲಿ ನಿಯಮದ ಕೊರತೆಗಳನ್ನು ಅವರಿಗೇ ತಿಳಿಯದಂತೆ ಅವರ ಮಾತೇ ತುಂಬಿಬಿಡುವುದರಿಂದ, ಬಳಿಕ ಕರಡನ್ನು ಅಪರಿಚಿತ ಗುಂಪೊಂದಕ್ಕೆ ಕೊಟ್ಟು ತಾವು ಅಲ್ಲಿ ಇರದಂತೆ ಆಡಿಸುತ್ತಾರೆ. ಆ ಗುಂಪು ಎಲ್ಲಿ ತಡವರಿಸಿ ಸ್ವಂತ ನಿಯಮ ಕಟ್ಟಿಕೊಂಡಿತೋ ಅಲ್ಲಿ ಹೊಸದಾಗಿ ಬರೆಯಬೇಕೋ, ಆ ಜಾಗವನ್ನು ತೆರೆದೇ ಬಿಡಬೇಕೋ ಎಂದು ರಚನಕಾರ ನಿರ್ಧರಿಸುತ್ತಾನೆ, ಗುಂಪು ಕಟ್ಟಿಕೊಂಡದ್ದೇ ಚೆನ್ನಾಗಿದ್ದರೆ ಅದನ್ನೇ ಪುಸ್ತಕಕ್ಕೆ ಸೇರಿಸುವುದೂ ಉಂಟು. ಇಂದಿನ ಬಹುತೇಕ ರೋಲ್‌ಪ್ಲೇಯಿಂಗ್ ಆಟಗಳ ಪುಸ್ತಕಗಳಲ್ಲಿ, ಬರೆದವರ ಮತ್ತು ಚಿತ್ರಕಾರರ ಹೆಸರುಗಳ ಜೊತೆಯಲ್ಲೇ ಆಡಿ ನೋಡಿದವರ ಹೆಸರುಗಳ ಉದ್ದನೆಯ ಪಟ್ಟಿ ಅಚ್ಚಾಗಿರುವುದು ಈ ಕಾರಣದಿಂದ.